ಹುರಿಯುವ ಮೊದಲು ಒಂದು ಕೂಗು

ಸ್ವಾತಂತ್ರ್ಯ ಬರುವ ಮೊದಲಿನ ಮಾತು. ಬ್ಯಾಡಗಿಯ ನಮ್ಮ ಚಾಳಿನಲ್ಲಿ ಆರು ಮನೆಗಳಿದ್ದವು. ನಡುವಿನ ಗೋಡೆಗಳು ಮಾಡಿನ ತನಕ ಏರಿರಲಿಲ್ಲ. ಒಬ್ಬರ ಒಲೆಯ ಹೊಗೆ ಆರೂ ಮನೆಯದು. ಹಾಗಾಗಿ ಖಾರ ಮಾಡುವ ದಿನ ಅವ್ವ ಮೊದಲು ಹೊಸ್ತಿಲಲ್ಲಿ ನಿಂತು, “ಮೆಣಸಿನಕಾಯಿ ಹುರಿತೇನ್ರೀ!” ಎಂದು ಕೂಗುತ್ತಿದ್ದಳು. ಪಕ್ಕದ ಮನೆಯ ಬಾಣಂತಿ ಕೂಸನ್ನೆತ್ತಿಕೊಂಡು ಅಂಗಳಕ್ಕೆ ಬಂದು, “ಹುರೀರಿ” ಅಂದ ಮೇಲೆಯೇ ಕಾಯಿ ಬಾಣಲೆಗೆ ಬೀಳುತ್ತಿತ್ತು.

ಹಾವೇರಿಯಿಂದ ಬಂದಿದ್ದ ಸೋದರತ್ತೆ ಇದನ್ನು ಕಂಡು ನಕ್ಕಳು. “ನಿಮ್ಮ ಒಲಿ ಮ್ಯಾಲೆ ಹುರಿಯಾಕೂ ಮಂದೀ ಅಪ್ಪಣಿ ಬೇಕನ?” ಅವ್ವ ಬಾಣಲೆಯ ಕಾಯಿ ಕೈಯಾಡಿಸುತ್ತಲೇ ಇದ್ದಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ಮುಂದಿನ ತಿಂಗಳು ನಾನು ಅತ್ತೆಯ ಮನೆಗೆ ಹೋದೆ. ಹನ್ನೆರಡು ಖೋಲಿಗಳ ಮನೆ. ಅತ್ತೆ ಯಾರಿಗೂ ಹೇಳದೆ ಮೆಣಸಿನಕಾಯಿ ಹುರಿಯತೊಡಗಿದಳು. ಮಗ್ಗುಲ ಖೋಲಿಯ ತೊಟ್ಟಿಲಲ್ಲಿ ಅವಳದೇ ಮೊಮ್ಮಗ ಕೆಮ್ಮಿ ಕೆಮ್ಮಿ ಕೆಂಪಾದ. ಎಂಟು ವರ್ಷದ ಹುಡುಗಿ ನಾನೇ ಅವನನ್ನೆತ್ತಿಕೊಂಡು ಅಂಗಳಕ್ಕೆ ಓಡಿದೆ. ಕಣ್ಣೊರೆಸಿಕೊಳ್ಳುತ್ತ ಹೊರಬಂದ ಅತ್ತೆಗೆ ಅಂದೆ: “ನಮ್ಮ ಚಾಳಿಗೆ ಬರ್ರಿ ಅತ್ತಿ, ಹುರಿಯೂದು ಕಲಿಸ್ತೇವಿ.”