ಇಲಿ ತಿನ್ನಬೇಕು, ಮಾವ ತಿನ್ನಬಾರದು

ಸಿಂದಗಿಯ ನಮ್ಮ ಮನೆಯ ಇಲಿಗಳಷ್ಟು ಶಿಸ್ತಿನ ಇಲಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಡುಗೆಮನೆಯ ಮೇಲಿನ ಹಲಗೆಯಿಂದ ಸ್ಟೀಲ್ ಡಬ್ಬಿ ಇಳಿಸಿ, ಬಿಗಿ ಮುಚ್ಚಳ ತೆಗೆದು, ಎರಡು ಶೇಂಗಾ ಉಂಡೆ ತಿಂದು, ಮುಚ್ಚಳವನ್ನು ಮತ್ತೆ ಒತ್ತಿ ಹಾಕಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೋಗುತ್ತಿದ್ದವು. ಡಬ್ಬಿ ತೆರೆದಾಗಲೆಲ್ಲ ನನ್ನ ಅತ್ತೆ "ಇಲಿ ಭಾಳ ಆಗ್ಯಾವ ನೋಡು" ಎನ್ನುತ್ತಿದ್ದರು. ಪಡಸಾಲೆಯ ಕುರ್ಚಿಯಲ್ಲಿ ಕುಳಿತ ಮಾವ ಪೇಪರಿನ ಹಾಳೆ ತಿರುಗಿಸುತ್ತಿದ್ದರು.

ಮಾವ ಇಂಡಿ ಪಟ್ಟಣದಲ್ಲಿ ಹೈಸ್ಕೂಲ್ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಅವರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಸಿಹಿ ಬಂದ್ ಮಾಡಿ ವರ್ಷಗಳಾಗಿದ್ದವು. ಕದ್ದು ತಿನ್ನುತ್ತಾರೆಂದು ಅತ್ತೆಗೆ ಗೊತ್ತು, ನನ್ನ ಗಂಡನಿಗೆ ಗೊತ್ತು, ನನಗೆ ಗೊತ್ತು, ಹಾಲು ಹಾಕುವವಳಿಗೂ ಗೊತ್ತು. ಆದರೆ ಮುಖಕ್ಕೆ ಮುಖ ಕೊಟ್ಟು ಹೇಳುವವರು ಯಾರೂ ಇಲ್ಲ. ಒಂದು ಕಾಲಕ್ಕೆ ಅವರ ಹೆಜ್ಜೆ ಸಪ್ಪಳಕ್ಕೆ ಇಡೀ ಸಾಲೆಯೇ ಗಪ್ಪಾಗುತ್ತಿತ್ತಂತೆ. ಅಂಥವರನ್ನು ಉಂಡೆಯ ಲೆಕ್ಕ ಕೇಳುವುದು ಹೇಗೆ? ಹಾಗಾಗಿ ಅವರ ಪಾಪವನ್ನೆಲ್ಲ ಇಲಿಗಳು ಹೊತ್ತಿದ್ದವು.

ಅಸಲಿ ಇಲಿಗಳೂ ಇದ್ದವು ಎಂಬುದೇ ತೊಂದರೆ. ಮಸೂತಿ ಎಂಬ ಊರಿನ ನನ್ನ ತವರಿನಿಂದ ಬಂದ ಜೋಳದ ಚೀಲಗಳನ್ನು ಹಿಂದಿನ ಕೋಣೆಯಲ್ಲಿ ಒಟ್ಟಿದ್ದೆವು. ಒಂದು ಚೀಲ ಎತ್ತಿದರೆ ತಳ ತೂತು, ಇನ್ನೊಂದು ಎತ್ತಿದರೆ ಒಳಗೆ ಮರಿ. ಮುದ್ದೇಬಿಹಾಳದಲ್ಲಿ ಬೀಜ, ಗೊಬ್ಬರ, ಔಷಧದ ಅಂಗಡಿ ಇಟ್ಟಿರುವ ನನ್ನ ನಾದಿನಿಯ ಗಂಡ ಫೋನಿನಲ್ಲೇ ಪರಿಹಾರ ಹೇಳಿದರು: "ಪಾಕೀಟು ಕಳಸ್ತೇನ್ರಿ. ಸಿಹಿದಾಗ ಕಲಸಿ ಇಡ್ರಿ, ಒಂದೂ ಉಳಿಯಂಗಿಲ್ಲ."

ಒಂದೂ ಉಳಿಯುವುದಿಲ್ಲ ಎಂಬುದೇ ನನ್ನ ಭಯವಾಗಿತ್ತು. ಎಲ್ಲಿ ಸಿಹಿ ಇಟ್ಟರೂ ಹುಡುಕಿ ತಿನ್ನುವ ಮನುಷ್ಯರು ಇರುವ ಮನೆಯಲ್ಲಿ ವಿಷ ಇಡುವುದುಂಟೇ? ಆದರೆ ಈ ಕಾರಣವನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಅತ್ತೆಯೇ ಬೇರೊಂದು ಕಾರಣ ಒದಗಿಸಿದರು. "ಗಣಪ್ಪನ ವಾಹನ ಐತಿ ಅದು. ನಮ್ಮ ಮನ್ಯಾಗ ಅದಕ್ಕ ವಿಷ ಹಾಕಂಗಿಲ್ಲ," ಎಂದರು. ನಾನು ಕೂಡಲೇ ಗಣಪ್ಪನ ಪಕ್ಷ ಸೇರಿದೆ. ಆ ವಾಹನವನ್ನು ಹಿಡಿಯುವ, ಹೊರುವ, ಊರಾಚೆ ಬಿಟ್ಟುಬರುವ ಪುಣ್ಯವನ್ನೆಲ್ಲ ಅತ್ತೆ ಧಾರಾಳವಾಗಿ ಸೊಸೆಗೇ ಬಿಟ್ಟುಕೊಟ್ಟರು.

ಬಜಾರಿನಿಂದ ತಂತಿಯ ಬೋನು ತಂದೆ. ಅಂಗಡಿಯವನು ಅಂಟಿನ ಹಲಗೆಯನ್ನೂ ತೋರಿಸಿದ. ಅದಕ್ಕೆ ಅಂಟಿಕೊಂಡ ಇಲಿ ಚರ್ಮ ಕಿತ್ತುಕೊಂಡು ಒದ್ದಾಡುವುದನ್ನು ಹಿಂದೊಮ್ಮೆ ಪಕ್ಕದ ಮನೆಯಲ್ಲಿ ನೋಡಿದ್ದೆ, ಬೇಡವೆಂದೆ. ಬೋನಿಗೆ ಏನಿಡಬೇಕು ಎಂಬ ಪ್ರಶ್ನೆ ಬಂದದ್ದೇ ತಡ, ಎಂದೂ ಅಡುಗೆಮನೆಗೆ ಕಾಲಿಡದ ನನ್ನ ಗಂಡ ಅಡುಗೆಯಲ್ಲಿ ಪಂಡಿತರಾದರು. ಬ್ಯಾಂಕಿನಿಂದ ಬಂದು, ಕೈಕಾಲು ತೊಳೆಯದೆ, ಮೊಬೈಲಿನಲ್ಲಿ ವಿಡಿಯೋ ನೋಡಿ, ಚೀಸ್ ತಂದರು. ಹುಟ್ಟಿದಾಗಿನಿಂದ ಜೋಳ, ತೊಗರಿ ತಿಂದ ಇಲಿ ಅದನ್ನು ಮೂಸಿಯೂ ನೋಡಲಿಲ್ಲ. ಇರುವೆಗಳು ಮಾತ್ರ ಸಾಲುಗಟ್ಟಿ ಬಂದು ಹಬ್ಬ ಮಾಡಿದವು. ಮರುದಿನ ಇನ್ನೊಂದು ವಿಡಿಯೋ ನೋಡಿ ಪೀನಟ್ ಬಟರ್ ಎಲ್ಲಿ ಸಿಗುತ್ತದೆಂದು ವಿಚಾರಿಸತೊಡಗಿದರು.

"ಅದು ಅರದ ಶೇಂಗಾ ರೀ," ಎಂದೆ. "ನಮ್ಮ ಒಳಕಲ್ಲಿನ್ಯಾಗ ದಿನಾ ಆಗತೈತಿ."

ಶೇಂಗಾ ಹುರಿದು, ಬೆಲ್ಲ ಹಾಕಿ ಕುಟ್ಟಿ, ಬೋನಿನ ಕೊಕ್ಕೆಗೆ ಮೆತ್ತಿದೆ. ವಾಸನೆ ಹಿತ್ತಲಿನವರೆಗೂ ಹೋಯಿತು. ಬೆಳಿಗ್ಗೆ ನೋಡಿದರೆ ಕೊಕ್ಕೆ ತೊಳೆದಂತೆ ಸ್ವಚ್ಛ, ಬಾಗಿಲು ಬಿದ್ದಿಲ್ಲ, ಒಳಗೆ ಇಲಿಯೂ ಇಲ್ಲ. ಬೋನಿನೊಳಗೆ ಬೆರಳು ಹಾಕಿ, ಬಾಗಿಲು ಬೀಳದ ಹಾಗೆ ಎರಡನೆಯ ಕೈಯಿಂದ ಹಿಡಿದು, ಬೆಲ್ಲ ಶೇಂಗಾ ಬಿಡಿಸಿಕೊಳ್ಳುವಷ್ಟು ಜಾಣತನ ಯಾವ ಪ್ರಾಣಿಗಿದೆಯೆಂದು ನಾನು ಯೋಚಿಸಬೇಕಾಗಿರಲಿಲ್ಲ. ಅಂದು ಮಾವ ಚಹಾ ಬೇಡವೆಂದರು. ಹೊಟ್ಟೆ ತುಂಬಿದೆಯಂತೆ.

ಆಗ ನನ್ನ ಕೆಲಸ ಎಷ್ಟು ಕಠಿಣವೆಂದು ತಿಳಿಯಿತು. ಇಲಿ ಇಷ್ಟಪಟ್ಟು ತಿನ್ನಬೇಕು, ಮಾವ ತಿನ್ನಬಾರದು. ಒಣಗಿಸಿದ ಕಟಕ್ ರೊಟ್ಟಿಯ ಚೂರು ಇಟ್ಟರೆ ಇಬ್ಬರೂ ಮುಟ್ಟಲಿಲ್ಲ. ಮಿರ್ಚಿ ಭಜಿ ಇಟ್ಟರೆ ಒಬ್ಬರೇ ತಿಂದರು. ಹಾಗಲಕಾಯಿ ಹೋಳು ಇಟ್ಟರೆ ಇಬ್ಬರೂ ಅದರತ್ತ ತಿರುಗಿಯೂ ನೋಡಲಿಲ್ಲ. ಇಲಿಗೂ ಮಾವನಿಗೂ ರುಚಿಯಲ್ಲಿ ಇಷ್ಟು ಹೊಂದಾಣಿಕೆ ಇರುವುದನ್ನು ಕಂಡು, ಗಂಡ ಹೆಂಡತಿಯ ಜಾತಕ ಹೊಂದಿಸುವವರು ನಾಚಬೇಕು ಅನಿಸಿತು.

ಕೊನೆಗೆ ಕೈಹಿಡಿದದ್ದು ಗುರೆಳ್ಳು, ಅಂದರೆ ಹುಚ್ಚೆಳ್ಳು. ಎಣ್ಣೆಯ ಕಾಳು, ವಾಸನೆ ಗಮ್ಮೆನ್ನುತ್ತದೆ. ಉಪ್ಪು, ಖಾರ, ಬೆಳ್ಳುಳ್ಳಿ ಏನೂ ಹಾಕದೆ ಹುರಿದು ಕುಟ್ಟಿ, ಚೂರು ಎಣ್ಣೆಯಲ್ಲಿ ಉಂಡೆ ಕಟ್ಟಿ, ಎಳೆದೊಯ್ಯಲಾಗದ ಹಾಗೆ ದಾರದಿಂದ ಕೊಕ್ಕೆಗೆ ಬಿಗಿದೆ. ಗುರೆಳ್ಳು ಮಾವನ ಕಟ್ಟಿಸಿದ ಹಲ್ಲುಗಳ ನಡುವೆ ಸಿಕ್ಕಿಕೊಂಡು ಕಾಡುತ್ತಿದ್ದುದರಿಂದ ಅದರ ಹೆಸರೆತ್ತಿದರೂ ಅವರಿಗೆ ಸಿಟ್ಟು. ಮರುದಿನ ಒಂದು ಪುಟ್ಟ ಇಲಿ ಬೋನಿನಲ್ಲಿ ಕುಳಿತು ಮೀಸೆ ಕುಣಿಸುತ್ತಿತ್ತು. ಸ್ಕೂಟಿಯ ಮೇಲೆ ಇಟ್ಟುಕೊಂಡು ಹೋಗಿ, ಮನೆಗಳೆಲ್ಲ ಮುಗಿದ ಮೇಲೆ ತೊಗರಿ ಹೊಲದ ಬದುವಿನಲ್ಲಿ ಬಿಟ್ಟುಬಂದೆ. ನನಗೆ ಬಹಳ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಹೀಗೆ ನಿಧಾನಕ್ಕೆ ಒಂದೊಂದೇ ಬೀಳುತ್ತಿದ್ದವು. ಅಷ್ಟರಲ್ಲಿ ಒಂದು ಇಲಿ ಟಿ.ವಿ.ಯ ಹಿಂದಿನ ವೈರು ಕಡಿಯಿತು, ಅದೂ ಕ್ರಿಕೆಟ್ ಮ್ಯಾಚಿನ ದಿನ. ಚೀಲಗಟ್ಟಲೆ ಜೋಳ ಹೋದಾಗ ಶಾಂತವಾಗಿದ್ದ ನನ್ನ ಗಂಡನಿಗೆ ಕೆಂಡದಂಥ ಕೋಪ ಬಂತು. ಗಣಪ್ಪನ ಮೇಲಿನ ಭಕ್ತಿ ಒಂದು ವೈರಿನಷ್ಟೇ ಗಟ್ಟಿಯಾಗಿತ್ತು.

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಕಸದ ಬುಟ್ಟಿ ಖಾಲಿ ಮಾಡುವಾಗ ಹರಿದ ಪಾಕೀಟು ಸಿಕ್ಕಿತು. ಮೇಲೆ ಇಲಿಯ ಚಿತ್ರ, ಅದರ ಮೇಲೊಂದು ಕೆಂಪು ಗೀಟು. ಬ್ಯಾಂಕಿಗೆ ಫೋನ್ ಮಾಡಿದೆ.

"ಹೌದು, ಮುದ್ದೇಬಿಹಾಳದಿಂದ ತರಿಸಿ ನಾನಽ ಇಟ್ಟೇನಿ," ಎಂದರು ನನ್ನ ಗಂಡ. "ಪೇಢೆದಾಗ ತುಂಬಿ ಜೋಳದ ಚೀಲದ ಹಿಂದ ಇಟ್ಟೇನಿ. ಅವ್ವಗ ಹೇಳಬ್ಯಾಡ."

ಓಡಿ ಹೋಗಿ ಚೀಲ ಸರಿಸಿದೆ. ಪೇಢೆ ಇರಲಿಲ್ಲ. ಒಂದು ಚೂರೂ ಬಿದ್ದಿರಲಿಲ್ಲ.

ಪೇಢೆ ಇಲ್ಲವೆಂದು ಫೋನಿನಲ್ಲೇ ಹೇಳಿದೆ. ಆಮೇಲೆ ನನ್ನ ಗಂಡ ಹೇಳಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. "ಅಪ್ಪಗ ಸೀದಾ ಕೇಳಬ್ಯಾಡ. ಬ್ಯಾಸರಾ ಮಾಡ್ಕೊಂತಾನ. ಕಣ್ಣು ತೋರಸೂದೈತಿ ಅಂತ ಹೇಳು, ಗಾಡಿ ಮಾಡಿ ವಿಜಯಪುರಕ್ಕ ಕರಕೊಂಡು ಹೋಗೂಣು."

ಅತ್ತೆಗೆ ಹೇಳಿದೆ. ಅವರು ಮಜ್ಜಿಗೆಯ ಪಾತ್ರೆ ಎತ್ತಿಕೊಂಡು, "ಮೊದಲ ಮಜ್ಜಿಗಿ ಕೊಟ್ಟು ನೋಡೂಣೇನು? ಕೇಳಿದ್ರ ಅವರ ಮರ್ಯಾದಿ ಏನು ಉಳೀತು?" ಎಂದರು.

ನನಗೆ ಮೈಯೆಲ್ಲ ಉರಿಯಿತು. ಒಬ್ಬ ಮನುಷ್ಯ ವಿಷ ತಿಂದಿರಬಹುದು, ಇವರಿಬ್ಬರಿಗೂ ಅವರ ಜೀವಕ್ಕಿಂತ ಮರ್ಯಾದೆ ದೊಡ್ಡದಾಗಿತ್ತು. ಮದುವೆಯಾದಾಗಿನಿಂದ ಮಾವನೆದುರು ಎರಡಕ್ಕಿಂತ ಹೆಚ್ಚು ಮಾತಾಡಿದವಳಲ್ಲ ನಾನು. ಸೆರಗು ಜಾರಿದ್ದನ್ನೂ ಎಳೆದುಕೊಳ್ಳದೆ ಪಡಸಾಲೆಗೆ ಹೋಗಿ ನಿಂತೆ.

"ಮಾವಾರ, ಜೋಳದ ಚೀಲದ ಹಿಂದ ಒಂದು ಪೇಢೆ ಇತ್ರಿ. ನೀವು ತಿಂದೀರೇನ್ರಿ?"

ಪೇಪರು ಕೆಳಗಿಳಿಯಲಿಲ್ಲ. "ನಾನ್ಯಾಕ ಚೀಲದ ಹಿಂದ ಹೋಗ್ಲಿ?"

"ಸಿಟ್ಟು ಆಮ್ಯಾಗ ಮಾಡ್ರಿ. ಅದರಾಗ ಇಲಿ ವಿಷ ಐತ್ರಿ. ತಿಂದೀರೋ ಇಲ್ಲೋ, ಈಗ ಹೇಳ್ರಿ."

ಪೇಪರು ನಿಧಾನಕ್ಕೆ ಮಡಿಲಿಗೆ ಬಂತು. ಅವರ ಮುಖ ನೋಡಲಾಗಲಿಲ್ಲ, ಆದರೂ ನೋಡುತ್ತಲೇ ನಿಂತೆ. ಅವರು ಅಂಗಿಯ ಜೇಬಿನಿಂದ ಚಸ್ಮಾದ ಡಬ್ಬಿ ತೆಗೆದು ತೆರೆದರು. ಅದರೊಳಗೆ, ಪೇಪರಿನ ಚೂರಿನಲ್ಲಿ ಸುತ್ತಿದ ಪೇಢೆ, ಇಡಿಯಾಗಿ ಇತ್ತು.

"ಸಂಜಿಕ ಅಡ್ಡ್ಯಾಡಾಕ ಹೋದಾಗ ತಿನ್ನೂಣು ಅಂತ ಇಟ್ಟಿದ್ದೆ," ಎಂದರು. ದನಿ ಸಣ್ಣದಾಗಿತ್ತು. ಹೆಡ್‌ಮಾಸ್ತರರ ದನಿಯಾಗಿರಲಿಲ್ಲ.

ನಾನು ಅಲ್ಲೇ ಹೊಸ್ತಿಲ ಮೇಲೆ ಕುಳಿತು ಅತ್ತುಬಿಟ್ಟೆ. ಅತ್ತೆಯವರೂ ಬಾಗಿಲ ಮರೆಯಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಸಂಜೆಯಾಗಲು ಇನ್ನು ಎಷ್ಟು ಹೊತ್ತಿತ್ತು ಮಹಾ!

ನನ್ನ ಗಂಡ ಬ್ಯಾಂಕ್ ಬಿಟ್ಟು ಓಡಿ ಬಂದರು. ಒಳಗೆ ಬಂದವರೇ ಅಪ್ಪನ ಕೈಯಲ್ಲಿನ ಪೇಢೆ ನೋಡಿ ಉಸಿರು ಬಿಟ್ಟರು. "ಅಪ್ಪಾ, ಅದು... ಇಲಿ ಸಲುವಾಗಿ ಇಟ್ಟಿದ್ದೆ," ಎಂದರು.

ಮಾವ ಪೇಢೆಯನ್ನು ಮತ್ತೆ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಹಿತ್ತಲಲ್ಲಿ ಆಳವಾಗಿ ಹುಗಿಯಲು ಹೇಳಿದರು. ಮಗನ ಕಡೆ ತಿರುಗಿದರು. ಈಗ ಹಳೆಯ ದನಿ ವಾಪಸು ಬಂದಿತ್ತು.

"ಈ ಮನ್ಯಾಗ ಸಿಹಿ ಇಟ್ರ, ಇಲಿಗಿಂತ ಮೊದಲ ಯಾರು ತಿಂತಾರ ಅನ್ನೂದು ನಿನಗ ಗೊತ್ತಿದ್ದಿಲ್ಲೇನು?"

ಗೊತ್ತಿರಲಿಲ್ಲ ಎಂದರೆ, ಅದು ಸುಳ್ಳೆಂದು ಬಲ್ಲ ನಾವೆಲ್ಲ ಅಲ್ಲೇ ಇದ್ದೆವು. ಗೊತ್ತಿತ್ತು ಎಂದರೆ, ಗೊತ್ತಿದ್ದೂ ವಿಷ ಯಾಕಿಟ್ಟೆ ಎಂಬ ಮುಂದಿನ ಪ್ರಶ್ನೆ ಇನ್ನೂ ಕೆಟ್ಟದ್ದಿತ್ತು. ನನ್ನ ಗಂಡ ಬೈಕಿನ ಕೀಲಿ ಹಿಡಿದುಕೊಂಡು ನಿಂತೇ ಇದ್ದರು. ಅತ್ತೆ ಚಹಾ ಮಾಡುವ ನೆಪದಲ್ಲಿ ಒಳಗೆ ಹೋದರು, ಹೋಗುವಾಗ ನನಗೂ ಬಾ ಎಂದು ಕಣ್ಣು ಮಾಡಿದರು. ನಾನು ಹೋಗಲಿಲ್ಲ. ಆ ಉತ್ತರ ನನಗೂ ಬೇಕಾಗಿತ್ತು.