ಕಟ್ಟೆಯ ಮೇಲೆ ಒಣಗಿದ ಅರಿವೆ

ಎಪ್ಪತ್ತರ ದಶಕದ ನಡುವಿನಲ್ಲಿ ಅಕ್ಕನ ಹೃದಯದ ಕವಾಟಕ್ಕೆ ಮುಂಬೈಯಲ್ಲಿ ಆಪರೇಷನ್ ಆಯಿತು. ನಮ್ಮೂರು ತಿಕೋಟಾಕ್ಕೆ ಕರೆತಂದೆವು. ಗಾಯಕ್ಕೆ ಕೀವು ಹಿಡಿಯದಂತೆ ಏನು ಮಾಡಬೇಕೆಂದು ಮುಂಬೈಯ ಡಾಕ್ಟರರು ಇಂಗ್ಲಿಷಿನಲ್ಲಿ ಚೀಟಿ ಬರೆದುಕೊಟ್ಟಿದ್ದರು. ಮನೆಯಲ್ಲಿ ಬಿ.ಎಸ್ಸಿ. ಓದಿದವನು ನಾನೊಬ್ಬನೇ. ಚೀಟಿ ನನ್ನ ಪಾಲಿಗೆ ಬಂತು.

ಗಾಯ ಎಡ ಎದೆಯ ಕೆಳಗಿನಿಂದ ಬೆನ್ನಿಗೆ ತಿರುಗಿತ್ತು. ತಮ್ಮನಾದ ನಾನು ನೋಡುವಂತಿರಲಿಲ್ಲ. ಬಬಲೇಶ್ವರದಿಂದ ಬಂದಿದ್ದ ಅವ್ವನ ತಂಗಿ ಚಿಗವ್ವ ಪಟ್ಟಿ ಬದಲಿಸುವಳು. ನಾನು ಬಾಗಿಲ ಹೊರಗೆ ನಿಂತು ಚೀಟಿಯನ್ನು ಕನ್ನಡದಲ್ಲಿ ಹೇಳುವೆ.

"ಸಬಕಾರ ಹಚ್ಚಿ ಕೈ ತೊಳಕೊಂಡಿಯೇನ ಚಿಗವ್ವಾ?"

"ಮೂರು ಸಲ ತೊಳಕೊಂಡೇನಿ. ಕೈಯಾನ ಗೆರಿ ಎಲ್ಲಾ ಅಳಿಸಿ ಹೋದಾವು, ಇನ್ನ ಜ್ಯೋತಿಷಿ ಏನ ನೋಡ್ತಾನ?"

"ನಗಸಬ್ಯಾಡ ಬೇ, ಗಾಯ ಜಗ್ತೈತಿ," ಎನ್ನುವಳು ಅಕ್ಕ.

ಹಳೆಯ ಧೋತರ ಹರಿದು ಮಾಡಿದ ಪಟ್ಟಿಗಳನ್ನು ಚಿಗವ್ವ ಚೆನ್ನಾಗಿ ಕುದಿಸುತ್ತಿದ್ದಳು. ಹಗ್ಗದ ಮೇಲೆ ಕಾಗೆಗಳು ಕೂರುತ್ತವೆಂದು, ದಿನಾ ಮುಂಜಾನೆ ಕಟ್ಟೆಯನ್ನು ಸೆಗಣಿಯಿಂದ ಸಾರಿಸಿ ಅದರ ಮೇಲೆ ಹರವುತ್ತಿದ್ದಳು. ಪಕ್ಕದಲ್ಲೇ ಕೂತು ನಾನು ಚಹಾ ಕುಡಿಯುತ್ತಿದ್ದೆ. ಬ್ಯಾಕ್ಟೀರಿಯಾದ ಚಿತ್ರ ಬರೆದು ಅಂಕ ಗಳಿಸಿದವನು ನಾನು. ಆದರೂ ನನಗೆ ಸಾರಿಸಿದ ಕಟ್ಟೆ ಕಾಣುತ್ತಿತ್ತು, ಸೆಗಣಿ ಕಾಣುತ್ತಿರಲಿಲ್ಲ.

ಎಂಟನೆಯ ದಿನ ಅಕ್ಕನಿಗೆ ಜ್ವರ ಬಂತು. ಗಾಯದ ತುದಿ ಕೆಂಪಗಾಗಿ ಬಿಸಿಯಾಗಿತ್ತು. ಮೊದಲ ಬಸ್ಸಿಗೇ ವಿಜಯಪುರಕ್ಕೆ ಹೋದೆವು. ಅಲ್ಲಿನ ಡಾಕ್ಟರರು ಗಾಯ ನೋಡಿ ಹೊರಬಂದು ನನ್ನನ್ನೂ ಚಿಗವ್ವನನ್ನೂ ನಿಲ್ಲಿಸಿ ಕೇಳಿದರು.

"ಅರಿವಿ ಕುದಿಸಿದ್ರೇನು?"

"ಹೌದ್ರಿ."

"ಎಲ್ಲಿ ಒಣಗಿಸಿದ್ರಿ?"

ಚಿಗವ್ವ ಅಭಿಮಾನದಿಂದಲೇ ಹೇಳಿದಳು: "ಬರೇ ನೆಲದ ಮ್ಯಾಲ ಹಾಕಿಲ್ರಿ ಸಾಹೇಬ್ರ. ದಿನಾ ಹೊಸಾ ಹೆಂಡಿಲೆ ಸಾರಿಸಿ, ಅದರ ಮ್ಯಾಲ ಹಾಕೇನ್ರಿ."

ಅವರು ಅವಳನ್ನು ಬೈಯಲಿಲ್ಲ. ನನ್ನತ್ತ ತಿರುಗಿ, "ನೀ ಏನ ಕಲ್ತೀಪಾ?" ಎಂದರು. ಬಿ.ಎಸ್ಸಿ. ಎಂದೆ. ಡಾಕ್ಟರರು ಹೇಳಿದರು: "ಇನ್ನೆರಡು ದಿನ ಬಿಟ್ಟು ಬಂದಿದ್ರ ನಂಜು ರಕ್ತಕ್ಕೇರಿ ಕವಾಟಕ್ಕ ಹೋಗಿ ಕುಂದರ್ತಿತ್ತು. ಆಮ್ಯಾಲ ನನ್ನ ಕೈಯಾಗ ಏನೂ ಇರ್ತಿದ್ದಿಲ್ಲ."

ಹದಿನೈದು ದಿನ ಇಂಜೆಕ್ಷನ್ ನಡೆದವು. ಗಾಯ ಕೂಡತೊಡಗಿತು, ಅಕ್ಕ ಉಳಿದಳು. ಈಗಲೂ ಒಮ್ಮೊಮ್ಮೆ ಕನಸಿನಲ್ಲಿ ನಾನು ಆ ಕಟ್ಟೆಯ ಮೇಲೆ ಕೂತಿರುತ್ತೇನೆ. ಪಕ್ಕದಲ್ಲಿ ಬಿಳಿ ಪಟ್ಟಿಗಳು ಒಣಗುತ್ತಿರುತ್ತವೆ. ಬಾಯಿ ಬಿಡಬೇಕೆನ್ನುತ್ತೇನೆ, ಬಿಡುವುದಿಲ್ಲ.

ಅಂದು ವಿಜಯಪುರದಿಂದ ಊರಿಗೆ ಮರಳಿದ ದಿನ ಪಟ್ಟಿ ಕಟ್ಟುವ ಹೊತ್ತಿಗೆ ಚಿಗವ್ವ ತೊಳೆದ ಕೈಗಳನ್ನು ಮುಂದೆ ಹಿಡಿದು ನನ್ನೆದುರು ಬಂದು ನಿಂತಳು. ನೀರು ತೊಟ್ಟಿಕ್ಕುತ್ತಿತ್ತು. ಸೆರಗು ಮುಟ್ಟಿರಲಿಲ್ಲ.

"ಎದರ್ಲೆ ಒರಸ್ಕೊಳ್ಳಲಿ? ನೀನ ಹೇಳಪಾ."

"ಗಾಳಿಗೆ ಆರಲಿ ಚಿಗವ್ವಾ," ಎಂದೆ. ಆರುವವರೆಗೂ ಇಬ್ಬರೂ ಅಲ್ಲೇ ನಿಂತೆವು.