ಕಸೂತಿಯ ಬೆನ್ನಿಗಿದ್ದ ಡಚ್ ಹಾಳೆ

ನೈರೋಬಿಯ ಕನ್ನಡದವರು ಸೇರಿದಲ್ಲೆಲ್ಲ ಹೇಳುವ ಕತೆ ಇದು: ನ್ಗಾರಾದ ಫ್ರೇಮ್ ಅಂಗಡಿ ಅಂಕಲ್ ರದ್ದಿಯನ್ನೇ ಡಚ್ಚರ ಹಳೇ ಚಿತ್ರವೆಂದು ನಂಬಿ ಕೂಡಿಡುತ್ತಿದ್ದರು, ಡಿಬೇಟ್ ಕಪ್ ಗೆದ್ದ ಹುಡುಗಿಯೊಬ್ಬಳು ಅವರ ಕಣ್ಣು ತೆರೆಸಿದಳು. ಆ ಹುಡುಗಿ ನಾನೇ. ಕತೆ ಸುಳ್ಳು ಅಂತ ಈಗ ನನ್ನ ವಾದ. ಸಾಕ್ಷಿ ಕಳೆದ ಭಾನುವಾರ ಸಿಕ್ಕಿದೆ!

ಸೌತ್ ಬಿ ಬಡಾವಣೆಯ ನಮ್ಮ ಮನೆಯಲ್ಲಿ ಅಮ್ಮನ ಕಸೂತಿ ನವಿಲಿನ ಫ್ರೇಮ್ ಬಿದ್ದು ಗಾಜು ಒಡೆಯಿತು. ಹಿಂದಿನ ರಟ್ಟು ಬಿಚ್ಚಿದೆ. ಲವಂಗದೆಣ್ಣೆ ಬೆರೆಸಿದ ಮೈದಾ ಅಂಟಿನ ವಾಸನೆ... ಅಂಕಲ್ ಅಂಗಡಿಯೇ ಎದ್ದು ಬಂದ ಹಾಗಾಯಿತು.

ಅವರು ಮೈಸೂರಿನವರು. ಇಂಡಸ್ಟ್ರಿಯಲ್ ಏರಿಯಾದ ಪ್ರೆಸ್ಸೊಂದರಿಂದ ನಿವೃತ್ತರಾಗಿ ಅಂಗಡಿ ಇಟ್ಟಿದ್ದರು. ದೇಶ ಬಿಟ್ಟು ಹೊರಡುವ ವಿದೇಶಿಯರ ಮನೆ ಸಾಮಾನಿನಲ್ಲಿ ತಡಕಾಡಿ ಆ ಹಾಳೆಗಳನ್ನು ತರುತ್ತಿದ್ದರು. ಮರದ ಅಚ್ಚಿನಿಂದ ಒತ್ತಿದ, ಒಂದು ಕಾಲಕ್ಕೆ ಹಾಲೆಂಡಿನ ಮಕ್ಕಳು ಬಿಡಿಗಾಸಿಗೆ ಕೊಳ್ಳುತ್ತಿದ್ದ ಚಿತ್ರಗಳು. ಒಂದೊಂದು ಹಾಳೆಯಲ್ಲಿ ಇಪ್ಪತ್ತನಾಲ್ಕು ಚೌಕ, ಪ್ರತಿ ಚೌಕದ ಕೆಳಗೆ ಎರಡು ಸಾಲಿನ ಪದ್ಯ, ಗೆರೆ ದಾಟಿ ಚೆಲ್ಲಿದ ಕೆಂಪು ಹಳದಿ. ಅವರಿಗೆ ತೀರಾ ಪ್ರಿಯವಾಗಿದ್ದದ್ದು ತಲೆಕೆಳಗಾದ ಲೋಕದ ಹಾಳೆ. ಅದರಲ್ಲಿ ಮೀನು ಗಾಳ ಹಾಕಿ ಮನುಷ್ಯನನ್ನು ಹಿಡಿಯುತ್ತದೆ, ಕುದುರೆ ಸವಾರನ ಬೆನ್ನೇರುತ್ತದೆ, ಹುಡುಗಿ ಬೆತ್ತ ಹಿಡಿದು ಮೇಷ್ಟರನ್ನು ಮಂಡಿಯೂರಿಸುತ್ತಾಳೆ.

ನನಗಾಗ ಹದಿನೈದು. ಅಮ್ಮನ ಕಸೂತಿ ಕೊಡಲು ಹೋದವಳು ಆ ಹಾಳೆ ನೋಡಿ, "ಅಂಕಲ್, ಇದು ಫೇಕ್" ಅಂದುಬಿಟ್ಟೆ.

"ಹೌದಾ ಲಾಯರಮ್ಮ? ಶುರು ಮಾಡಿ, ಕೋರ್ಟು ಖಾಲಿ ಇದೆ."

"ಗೆರೆ ತುಂಬಾ ಬಿಳಿ ಚುಕ್ಕೆ. ಬಾರ್ಡರ್ ಮುರಿದಿದೆ. ಮೊನ್ನೆ ಮೊನ್ನೆ ಮೆಷಿನ್‌ನಲ್ಲಿ ತೆಗೆದಿರೋ ಕೆಟ್ಟ ಕಾಪಿ ಇದು."

"ತಿರುಗಿಸಿ ಬೆನ್ನು ಮುಟ್ಟಿ ನೋಡಮ್ಮ, ಆಮೇಲೆ ಜಡ್ಜ್‌ಮೆಂಟ್ ಕೊಡು."

ಮುಟ್ಟಲಿಲ್ಲ. ಎದುರಾಳಿ ನೀಡಿದ ಸಾಕ್ಷಿಯನ್ನು ಕೈಗೆ ತೆಗೆದುಕೊಳ್ಳಬಾರದೆಂದು ಡಿಬೇಟಿನಲ್ಲಿ ಕಲಿತಿದ್ದೆ. ನನ್ನ ಭಾಷಣಕ್ಕೆ ಅಂಗಡಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅಂಕಲ್ ನಕ್ಕು, "ಸವಾ, ಸರಿಯಮ್ಮ, ನಾನು ಸೋತೆ" ಎಂದು ಹಾಳೆಯನ್ನು ಮಡಚದೆ, ಎರಡೂ ಕೈಯಲ್ಲಿ ಹಿಡಿದು ಒಳಗೆ ಒಯ್ದರು. ಆಮೇಲೆ ಅವರು ಯಾರ ಮನೆಗೂ ಹಾಳೆ ಹುಡುಕಿಕೊಂಡು ಹೋಗಲಿಲ್ಲ... ವಾರದ ನಂತರ ಅಮ್ಮನ ನವಿಲು ಫ್ರೇಮಾಗಿ ಬಂತು.

ಭಾನುವಾರ ಕಸೂತಿಗೂ ರಟ್ಟಿಗೂ ನಡುವೆ ಸಿಕ್ಕಿದ್ದು ಅದೇ ಹಾಳೆ! ಹತ್ತು ವರ್ಷ ತಡವಾಗಿ ಅದರ ಬೆನ್ನು ಮುಟ್ಟಿದೆ. ಒಂದೊಂದು ಗೆರೆಯೂ ಉಬ್ಬಿ ಬೆರಳಿಗೆ ಸಿಕ್ಕಿತು. ಮರದ ಅಚ್ಚು ಕಾಗದವನ್ನು ಒತ್ತಿದ ಗುರುತು ಅದು, ಮೆಷಿನ್ ಕಾಪಿಯಲ್ಲಿ ಬರುವುದೇ ಇಲ್ಲ. ಬಿಳಿ ಚುಕ್ಕೆಗಳು? ಅಚ್ಚಿನ ಮರವನ್ನು ಹುಳು ಕೊರೆದ ತೂತುಗಳು! ಮುರಿದ ಬಾರ್ಡರ್? ಒತ್ತಿ ಒತ್ತಿ ಸವೆದ ಅಂಚು. ಅಂದು ನಾನಿಟ್ಟ ಎರಡೂ ಪಾಯಿಂಟ್ ಅವರ ಪರವಾಗಿಯೇ ಸಾಕ್ಷಿ ಹೇಳುತ್ತಿದ್ದವು. ಕುಣಿದುಬಿಟ್ಟೆ. ಓಡಿಹೋಗಿ ತೋರಿಸಬೇಕು ಅಂತ ಚಪ್ಪಲಿಯನ್ನೂ ಮೆಟ್ಟಿದ್ದೆ... ಹೋದ ವರ್ಷವೇ ಅಂಕಲ್ ತೀರಿಕೊಂಡಿದ್ದು ಆಗ ನೆನಪಾಯಿತು.

ಅಂಟು ತಾಗದಂತೆ ಹಾಳೆಯ ಎರಡೂ ಬದಿಗೆ ತೆಳು ಬಿಳಿ ಕಾಗದ ಇಟ್ಟಿದ್ದರು. ರದ್ದಿಗೆ ಯಾರು ಹಾಗೆ ಮಾಡುತ್ತಾರೆ? ಆದರೆ ಕ್ಯಾಲೆಂಡರ್ ಚಿತ್ರಕ್ಕೂ ಅವರು ಹಾಗೇ ಮಾಡುತ್ತಿದ್ದರು. ನನ್ನ ಸಾಕ್ಷಿ ಇಲ್ಲಿಗೆ ಮುಗಿಯುತ್ತದೆ.

ಹೇಳಿ ಅಂಕಲ್, ನನ್ನ ಮಾತು ನಂಬಿ ಅದನ್ನು ರಟ್ಟಿನ ಜೊತೆ ತುಂಬಿದಿರಾ, ಇಲ್ಲಾ ಬೆತ್ತ ಹಿಡಿದ ಹುಡುಗಿ ಒಂದಲ್ಲ ಒಂದು ದಿನ ಮುಟ್ಟಿ ನೋಡಲಿ ಅಂತ ನಮ್ಮ ಮನೆಗೇ ಕಳಿಸಿದಿರಾ?